ಸೆಕೆಂಡ್ ಗೇಟ್

ಟಿಳಕವಾಡಿ ಸೆಕೆಂಡ್ ಗೇಟಿನ ಬಾಜೂಕ
ಟೈರಿನ ಅಂಗಡಿ ಮ್ಯಾಲಿನ ಹಾಲು.
ಐವತ್ತು ಕುರ್ಚಿ, ಮೂವತ್ತೊಂದು ಮಂದಿ,
ಒಂದು ಮೈಕು, ಹಿಂದ ಇಟ್ಟಂಗಿ ಚಿತ್ರದ ಪರದೆ.
ಅದರ ಹಿಂದ ಖರೇ ಇಟ್ಟಂಗಿ ಗ್ವಾಡಿನ ಐತಿ,
ಯಾಕ ಮುಚ್ಚ್ಯಾರೋ.

ಮೂರನೇ ಸಾಲಿನ್ಯಾಗ ನಾನು.
ಟಿಕೀಟು ನೂರೈವತ್ತು.
ಹೆಂಡತಿ ಮಾತು ಕೇಳಾಕ ರೊಕ್ಕ ಕೊಟ್ಟದ್ದು
ಜಲ್ಮದಾಗ ಇದ ಮೊದಲ್ನೇ ಸಲ.

ಆಕೀಗಿಂತ ಮೊದಲ ಬಂದ ಹುಡುಗ
ಟ್ರಾಫಿಕ್ಕಿನ ಮ್ಯಾಲೆ ಹತ್ತು ಮಿನಿಟು ಹೇಳಿದ.
ಅವರವ್ವ ಒಬ್ಬಾಕೀನ ಚಪ್ಪಾಳಿ ಹೊಡದಳು.

"ಸುಲೋಚನಾ ಚೌಗಲಾ" ಅಂತ ಕೂಗಿದರು.
ಹಗಲೆಲ್ಲ ಉದ್ಯಮಬಾಗದ ಫೌಂಡ್ರಿಯೊಳಗ
ಬಿರುಕು ಬಿಟ್ಟ ಎರಕ ಹುಡುಕಿ ಹುಡುಕಿ
ಚಾಕ್‌ಪೀಸಿನಲೆ ಕಾಟ್ ಹೊಡಿಯೂ ಕೈ
ಈಗ ಮೈಕಿನ ವಾಯರು ಸುತ್ತಿಕೊಂಡು ನಿಂತಿತ್ತು.
"ನಮಸ್ಕಾರ್ರಿ. ನಾವ್ ಜೈನ ಮಂದಿ.
ಹೊತ್ತು ಮುಳುಗಿದ ಮ್ಯಾಲೆ ನಮ್ಮ ಬಾಯಿಗೆ ಕೆಲಸ ಇರೂದಿಲ್ಲ.
ಅದಕ್ಕ ಇಲ್ಲಿ ಬಂದೀನಿ."

ನಗು ಬಂತು, ಎರಡು ಕಂತಿನ್ಯಾಗ:
ಮೊದಲ ಕನ್ನಡದವರದು,
ಬಾಜೂದವರು ಕಿವ್ಯಾಗ ಮರಾಠಿ ಮಾಡಿ ಹೇಳಿದ ಮ್ಯಾಲೆ
ಉಳಿದವರದು.
ಎರಡನೇದರ ಹಾದಿ ಕಾಯತಿದ್ದಳು ಆಕಿ,
ಉಕ್ಕೂ ಹಾಲಿನ ಮುಂದ ನಿಂತಂಗ.

"ನನ್ನ ಗಂಡಂದು ಖಡೇಬಜಾರದಾಗ ಚಸ್ಮಾದ ಅಂಗಡಿ.
ಊರ ಮಂದೀಗೆಲ್ಲ ಕೇಳತಾರ,
ಈ ಸಾಲು ಕಾಣತೈತೇನ್ರಿ, ಈಗರೆ ಕಾಣತೈತೇನ್ರಿ ಅಂತ.
ನಾ ಹೊಸಾ ಸೀರಿ ಉಟ್ಟು ಎದುರಿಗೆ ನಿಂತೆ.
ಅವರಿಗೇ ಕಾಣಲಿಲ್ಲ ನೋಡ್ರಿ."
ಮುಂದಿನ ಸಾಲಿನ ಕಾಲೇಜಿನ ಹುಡುಗ ತೊಡಿ ಬಡಕೊಂಡು ನಕ್ಕ.
ಅವನ ಚಸ್ಮಾ ನಮ್ಮ ಅಂಗಡೀದ,
ಇನ್ನೂ ನಾನೂರು ಬಾಕಿ ಐತಿ.
ನಾನೂ ನಕ್ಕೆ, ಗುರುತು ಸಿಗಬಾರದಂಗ.
ಅಂಜೂರಿ ಬಣ್ಣದ ಸೀರಿ ಅದು. ಕಂಡಿತ್ತು ನನಗ.
ಗಿರಾಕಿ ಇದ್ರು. ಹೇಳಾಕ ಆಗಲಿಲ್ಲ.

ಆಮ್ಯಾಲೆ ಬಂತು ಉಳ್ಳಾಗಡ್ಡಿ ಮಾತು.
ಇದು ನನಗ ಬಾಯಿಪಾಠ. ತಿಂಗಳಾತು,
ನಸುಕಿನ್ಯಾಗ ಗ್ಯಾಸಿನ ಮುಂದ
ಸವಟು ಹಿಡಕೊಂಡು ಆಕಿ ಹೇಳತಿದ್ದಳು,
ನಿದ್ದಿ ಬಂದವರಂಗ ಮಲಗಿ ನಾ ಕೇಳತಿದ್ದೆ:
ಉಳ್ಳಾಗಡ್ಡಿ ತರೂದಿಲ್ಲ ನಮ್ಮ ಮನ್ಯಾಗ,
ಇಪ್ಪತ್ತಾರು ವರ್ಷ ಕಣ್ಣೀರಿಗೆ
ಗಂಡನ್ನ ನಂಬಿಕೊಂಡೀನಿ.

"ಉಳ್ಳಾಗಡ್ಡಿ ತರೂದಿಲ್ರಿ ನಮ್ಮ ಮನ್ಯಾಗ," ಅಂದಳು.
"ಇಪ್ಪತ್ತಾರು ವರ್ಷಾತು. ಕಣ್ಣೀರು ಬೇಕಾತು ಅಂದ್ರ..."

ಗೇಟಿನ ಗಂಟಿ. ಬೆನ್ನಿಗೇ ಗಾಡಿ.
ಮಾಲಗಾಡಿ. ಮುಗಿಯೂದ ಇಲ್ಲ.
ಕಿಡಕಿ, ಕುರ್ಚಿ ಕಾಲು, ಪರದೆಯ ಇಟ್ಟಂಗಿ ಎಲ್ಲಾ ನಡುಗಿ
ಮೈಕಿದ್ದೂ ಇಲ್ಲದಂಗಾತು.
ಆಕಿ ನಿಂದ್ರಲಿಲ್ಲ. ತುಟಿ ಆಡಿದವು.
ಸಣ್ಣದೊಂದು ಮಾತು.
ಮುಗಿಸಿ ನನ್ನ ಕಡೆ ನೋಡಿದಳು.

ಯಾರಿಗೂ ಕೇಳಲಿಲ್ಲ. ನನಗ ಗೊತ್ತಿತ್ತಲ್ಲ,
ನಕ್ಕೆ. ಹೊಟ್ಟಿ ಹಿಡಕೊಂಡು ನಕ್ಕೆ.
ಅಷ್ಟೊತ್ತಿಗೆ ಗಾಡಿ ಹೋಗಿಬಿಟ್ಟಿತ್ತು,
ಇಡೀ ಹಾಲಿನ್ಯಾಗ ನಂದೊಂದ ನಗು.
ಮಂದಿ ಹೊಳ್ಳಿ ನೋಡಿದರು.
ಬಾಕಿ ಹುಡುಗ ಗುರುತು ಹಿಡದ:
"ಏ, ಚಸ್ಮಾದ ಕಾಕಾ!"
ಆಗ ನಕ್ಕಿತು ನೋಡ್ರಿ ಹಾಲು,
ಕನ್ನಡ ಮರಾಠಿ ಕೂಡೇ, ಒಂದ ಕಂತಿನ್ಯಾಗ.

ಸ್ಕೂಟರಿನ ಮ್ಯಾಲೆ ಹೊಂಟ್ವಿ. ಗೇಟು ಮತ್ತ ಬಿದ್ದಿತ್ತು.
"ಯಾಕ ನಕ್ರಿ?" ಹಿಂದಿಂದ ಕೇಳಿದಳು.
"ಉಳ್ಳಾಗಡ್ಡಿ ಮಾತಿಗೆ."
"ಅದನ್ನ ಹೇಳಲಿಲ್ಲಲ್ಲ ನಾ ಇವತ್ತು."
"ಮತ್ತೇನ ಹೇಳಿದಿ?"

ನನ್ನ ಹೆಗಲ ಮ್ಯಾಲೆ ಆಕಿ ಕೈ,
ಉಗುರಿನ ಸಂದ್ಯಾಗ ಇನ್ನೂ ಚಾಕ್‌ಪೀಸಿನ ಪುಡಿ.
ಗೇಟು ಬಿದ್ದಿದ್ದರೂ ಹಿಂದಿನ ರಿಕ್ಷಾದವ ಹಾರ್ನ್ ಬಿಡವೊಲ್ಲ.

"ಚಸ್ಮಾ ಹಾಕ್ಕೊಂಡು ಬರಬೇಕಿತ್ತು ನೀವು," ಅಂದಳು.

ಹಾಕ್ಕೊಂಡ ಇದ್ದೆ.
ಗೇಟು ಎತ್ತಿದರು. ಕಿಕ್ ಹೊಡದೆ.
ಎರಡನೇದಕ್ಕ ಚಾಲೂ ಆತು.